ಗುಹೆಯ ಬಾಯಿಗೆ ಬೀಗ: ವನ್ಯಜೀವಿಗಾಗಿ ಮುಚ್ಚುವುದು ಸರಿ, ಆದರೆ ಹೇಗೆ ಮುಚ್ಚಬೇಕು?

ಚಿಲುಮೆಹಾದಿ

ಹನ್ನೊಂದು ವರ್ಷಗಳಿಂದ ನಾನು ಡೈವಿಂಗ್‌ಗೆ ಮುಳುಗುತ್ತಿದ್ದ ಜಲಗುಹೆಗೆ ಕಳೆದ ತಿಂಗಳು ಬೀಗ ಬಿದ್ದಿದೆ. ಸರ್ಕಾರಿ ಅರಣ್ಯದೊಳಗಿನ ಚಿಲುಮೆ ಅದು. ಸುಣ್ಣಕಲ್ಲಿನ ಬಂಡೆಯ ಬುಡದಲ್ಲಿ ಬಾಗಿ ನುಗ್ಗಿದರೆ ಮೊದಲು ಸ್ವಲ್ಪ ದೂರ ಒಣ ಗುಹೆ, ಅಲ್ಲಿಂದ ಮುಂದೆ ನೀರು. ನೀರಿನೊಳಗೆ ಇನ್ನೂ ಯಾರೂ ಕೊನೆ ಕಂಡಿಲ್ಲದ ಸುರಂಗ.

ಬೀಗದ ಪಕ್ಕದ ಫಲಕದಲ್ಲಿ ಇರುವುದು ಒಂದೇ ಸಾಲು: ವನ್ಯಜೀವಿ ರಕ್ಷಣೆಯ ಕಾರಣ ಮುಂದಿನ ಆದೇಶದವರೆಗೆ ಪ್ರವೇಶವಿಲ್ಲ. ಯಾವ ಜೀವಿ, ಯಾವ ತಿಂಗಳುಗಳಲ್ಲಿ, ಮುಂದಿನ ಆದೇಶ ಎಂದು ಬರುತ್ತದೆ, ಯಾವುದೂ ಇಲ್ಲ. ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದವರಿಗೂ ಫಲಕದಲ್ಲಿ ಬರೆದಿದ್ದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. ಸಾರ್ವಜನಿಕರು ಲಿಖಿತ ಅಭಿಪ್ರಾಯ ಕೊಡಬಹುದು ಎಂದರು, ಅಷ್ಟೇ.

ನಾನು ಬರೆಯಬೇಕೆಂದಿದ್ದೇನೆ. ಪ್ರಾಣಿಗಳ ವಿರುದ್ಧ ಬರೆಯಲು ನನಗೆ ಮನಸ್ಸಿಲ್ಲ. ಆ ಸುರಂಗದ, ಸಿಗಡಿಯನ್ನು ಹೋಲುವ ಬಿಳಿ ಕ್ರೇಫಿಶ್‌ಗಳನ್ನು ಲೆಕ್ಕವಿಲ್ಲದಷ್ಟು ಸಲ ಉಸಿರು ನಿಧಾನಿಸಿ ನೋಡಿದ್ದೇನೆ. ಆದರೆ ಕಾರಣ ಹೇಳದೆ ಅವಧಿ ಹೇಳದೆ ಹಾಕಿದ ಬೀಗವನ್ನು ಒಪ್ಪಿಕೊಂಡು ಸುಮ್ಮನಿರಲೂ ಆಗುತ್ತಿಲ್ಲ. ಅನುಭವ ಇರುವವರು ತಿಳಿಸಿ, ಏನೆಂದು ಬರೆಯಲಿ?

ಕತ್ತಲಹಕ್ಕಿ

ಮೊದಲು ಒಂದು ಪ್ರಶ್ನೆ. ಒಣ ಭಾಗದ ಚಾವಣಿಯಲ್ಲಿ ಬಾವಲಿಗಳು ಇವೆಯೇ? ನೀರಿನ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ, ತಲೆಯ ಮೇಲಿನ ಕಲ್ಲಿನ ಬಗ್ಗೆ ಒಂದು ಮಾತೂ ಇಲ್ಲ.

ಚಿಲುಮೆಹಾದಿ

ಇವೆ. ಚಳಿಗಾಲದಲ್ಲಿ ನಲವತ್ತೋ ಐವತ್ತೋ ನೇತಾಡುತ್ತಿರುತ್ತವೆ. ನಾವು ಅವುಗಳನ್ನು ಮುಟ್ಟುವುದಿಲ್ಲ, ಮಾತನಾಡುವುದೂ ಇಲ್ಲ. ಸದ್ದಿಲ್ಲದೆ ಕೆಳಗೆ ಹಾದು ನೀರಿಗಿಳಿಯುತ್ತೇವೆ.

ಕತ್ತಲಹಕ್ಕಿ

ನಿಮ್ಮ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ಹೇಳಬೇಕು: ಆ ಹಾದುಹೋಗುವಿಕೆ ಅವುಗಳ ಮಟ್ಟಿಗೆ ಸದ್ದಿಲ್ಲದ್ದಲ್ಲ.

ನಾನು ಹಲವು ಚಳಿಗಾಲಗಳಲ್ಲಿ ಬಾವಲಿ ಎಣಿಕೆಗೆ ಸ್ವಯಂಸೇವಕಿಯಾಗಿ ಹೋಗಿದ್ದೇನೆ. ಚಳಿನಿದ್ರೆಯಲ್ಲಿರುವ ಬಾವಲಿಯ ಮೈ ಗುಹೆಯ ಕಲ್ಲಿನಷ್ಟೇ ತಣ್ಣಗಿರುತ್ತದೆ, ಎದೆಬಡಿತ ಬಹಳ ವಿರಳವಾಗಿರುತ್ತದೆ. ಹೊರಗೆ ಹುಳುಹುಪ್ಪಟೆ ಇಲ್ಲದ ಆ ತಿಂಗಳುಗಳನ್ನು ಅದು ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆಯೇ ಕಳೆಯಬೇಕು. ನಡುವೆ ಎಚ್ಚರವಾದರೆ ತಣ್ಣಗಿನ ಮೈಯನ್ನು ಮತ್ತೆ ಬೆಚ್ಚಗೆ ಮಾಡಿಕೊಳ್ಳಲು ಆ ಕೊಬ್ಬನ್ನೇ ಸುಡಬೇಕು. ಒಂದು ಸಲದ ಎಚ್ಚರಕ್ಕೆ ಹಲವು ದಿನಗಳ ನಿದ್ರೆಗೆ ಸಾಲುವಷ್ಟು ಕೊಬ್ಬು ಹೋಗುತ್ತದೆ. ನಾಲ್ಕು ಜನರ ಉಸಿರಿನ ಬಿಸಿ, ಡೈವಿಂಗ್ ದೀಪಗಳ ಬೆಳಕು, ಕಲ್ಲಿಗೆ ತಾಗುವ ಸಿಲಿಂಡರಿನ ಸದ್ದು ಇವುಗಳಿಗೇ ಎಚ್ಚರವಾಗಬಹುದು. ನೀವಿದ್ದಾಗ ಅದು ಹಾರುವುದಿಲ್ಲ, ಆದ್ದರಿಂದ ಏನೂ ಆಗಲಿಲ್ಲ ಎಂದು ನಿಮಗನಿಸುತ್ತದೆ. ಪೂರ್ತಿ ಎಚ್ಚರವಾಗಲು ಅದಕ್ಕೆ ಹೊತ್ತು ಬೇಕು. ಆ ಹೊತ್ತಿಗೆ ನೀವು ನೀರೊಳಗೆ ಇರುತ್ತೀರಿ.

ಇದರ ಮೇಲೆ ಬಿಳಿಮೂತಿ ರೋಗ. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಗುಹೆಯಲ್ಲಿ ಮೊದಲು ಕಂಡುಬಂದು ಉತ್ತರ ಅಮೆರಿಕದಲ್ಲಿ ಲಕ್ಷ ಲಕ್ಷ ಬಾವಲಿಗಳನ್ನು ಬಲಿ ತೆಗೆದುಕೊಂಡ ಶಿಲೀಂಧ್ರ ಅದು. ತಣ್ಣಗಿನ ಮೈಯ ಮೇಲೆ ಬೆಳೆದು, ನಿದ್ರೆಯಲ್ಲಿರುವ ಬಾವಲಿಯನ್ನು ಮತ್ತೆ ಮತ್ತೆ ಎಬ್ಬಿಸುತ್ತದೆ. ವಸಂತ ಬರುವ ಮೊದಲೇ ಕೊಬ್ಬು ಮುಗಿದು ಅದು ಹಸಿವಿನಿಂದ ಸಾಯುತ್ತದೆ. ಮುಖ್ಯವಾಗಿ ಬಾವಲಿಯಿಂದ ಬಾವಲಿಗೇ ಹರಡುತ್ತದೆ, ನಿಜ. ಆದರೆ ಬೀಜಕಣಗಳು ಮನುಷ್ಯರ ಬಟ್ಟೆ ಮತ್ತು ಸಲಕರಣೆಗೂ ಅಂಟುತ್ತವೆ. ಒಮ್ಮೆ ಒಂದು ಗುಹೆಗೆ ಸೇರಿದರೆ ಅಲ್ಲಿನ ಮಣ್ಣಿನಲ್ಲಿ, ಕಲ್ಲಿನಲ್ಲಿ ಬಾವಲಿಯೇ ಇಲ್ಲದಿದ್ದರೂ ವರ್ಷಗಟ್ಟಲೆ ಉಳಿಯುತ್ತವೆ. 2009ರ ಸುಮಾರಿಗೆ ಅಮೆರಿಕದ ಪೂರ್ವ ಭಾಗದ ಸರ್ಕಾರಿ ಅರಣ್ಯಗಳಲ್ಲಿ ಗುಹೆಗಳನ್ನು ಸಾಲಾಗಿ ಮುಚ್ಚಿದ್ದು ಇದೇ ಭಯದಿಂದ.

ಒಂದು ಗುಹೆಯಲ್ಲಿ ತೊಟ್ಟ ಸೂಟು, ಬೆನ್ನಪಟ್ಟಿಗಳನ್ನು ಹಾಗೆಯೇ ಇನ್ನೊಂದಕ್ಕೆ ಒಯ್ದವರು ನಿಮ್ಮ ಗುಂಪಿನಲ್ಲಿ ಯಾರೂ ಇಲ್ಲವೇ? ಪ್ರಾಮಾಣಿಕವಾಗಿ ಯೋಚಿಸಿ.

ಹಳೆಯ ಸಿಲಿಂಡರ್

ಕತ್ತಲಹಕ್ಕಿಯವರು ಹೇಳಿದ್ದು ಅಕ್ಷರಶಃ ನಿಜ. ನನ್ನ ಆಕ್ಷೇಪ ಅದಕ್ಕಲ್ಲ, ಆ ನಿಜವನ್ನು ಬಳಸುವ ರೀತಿಗೆ.

ಬಾವಲಿಗೆ ಋತುವಿದೆ. ಚಳಿನಿದ್ರೆಯ ಗುಹೆಯಾದರೆ ಚಳಿಗಾಲದಲ್ಲಿ ಮುಚ್ಚಿ, ಮರಿ ಹಾಕುವ ಗುಹೆಯಾದರೆ ಆ ತಿಂಗಳುಗಳಲ್ಲಿ ಮುಚ್ಚಿ. ಬಹಾಮಾಸ್‌ನ ಲುಕಾಯನ್ ರಾಷ್ಟ್ರೀಯ ಉದ್ಯಾನದಲ್ಲಿ ಬೆನ್ಸ್ ಕೇವ್ ಎಂಬ ಗುಹೆಯಿದೆ. ಮೇಲೆ ಬಾವಲಿ, ಕೆಳಗೆ ನೀರು, ಥೇಟ್ ಇವರ ಗುಹೆಯಂತೆಯೇ. ಬಾವಲಿಗಳು ಮರಿಗಳನ್ನು ಸಾಕುವ ಜೂನ್, ಜುಲೈಗಳಲ್ಲಿ ಅಲ್ಲಿ ಜನರನ್ನು ಬಿಡುವುದಿಲ್ಲ. ಉಳಿದ ಕಾಲದಲ್ಲಿ ಅನುಮತಿ ಪಡೆದ ಗುಹಾ ಡೈವರ್‌ಗಳು ಇಳಿಯಬಹುದು.

ಅದೇ ಲುಕಾಯನ್ ಜಲಗುಹೆಯಲ್ಲಿ 1979ರಲ್ಲಿ ಜಿಲ್ ಯಾಗರ್ ಎಂಬ ಡೈವರ್ ವಿಚಿತ್ರ ಪ್ರಾಣಿಯೊಂದನ್ನು ಕಂಡರು. ಬಿಳಿ ಬಣ್ಣ, ಕಣ್ಣಿಲ್ಲ, ಜರಿಹುಳದಂತೆ ಸಾಲು ಕಾಲುಗಳು, ಬೆನ್ನು ಕೆಳಗಾಗಿ ಈಜುವ ಅಭ್ಯಾಸ. ರೆಮಿಪೀಡ್ ಎಂಬ ಹೊಸ ವರ್ಗವನ್ನೇ ಜೀವವಿಜ್ಞಾನ ಅದಕ್ಕಾಗಿ ತೆರೆಯಬೇಕಾಯಿತು. ಗುಹೆಯೊಳಗೆ ಈಜಿ ಹೋದವರು ಇಲ್ಲದಿದ್ದರೆ ಆ ಪ್ರಾಣಿಗೆ ಹೆಸರೂ ಇರುತ್ತಿರಲಿಲ್ಲ, ರಕ್ಷಣೆಯೂ ಇರುತ್ತಿರಲಿಲ್ಲ.

"ಮುಂದಿನ ಆದೇಶದವರೆಗೆ" ಎಂಬ ಮಾತು ನನ್ನನ್ನು ಕೆರಳಿಸುತ್ತದೆ. ನಲವತ್ತು ವರ್ಷಗಳ ನನ್ನ ಅನುಭವದಲ್ಲಿ ಆ ಮುಂದಿನ ಆದೇಶ ಬಂದದ್ದನ್ನು ನೋಡಿದ್ದು ಎರಡೇ ಸಲ. ಬೀಗ ಹಾಕುವುದಕ್ಕೆ ಒಂದು ಸಹಿ ಸಾಕು. ತೆಗೆಯಲು ಸಮೀಕ್ಷೆ ಬೇಕು, ಹಣ ಬೇಕು, ಹೊಣೆ ಹೊರುವ ಒಬ್ಬ ಅಧಿಕಾರಿ ಬೇಕು. ಅದಕ್ಕೇ ತೆಗೆಯುವುದಿಲ್ಲ.

ದಡದಲ್ಲಿರುವವಳು

ನಾನು ಡೈವರ್ ಅಲ್ಲ, ಇದನ್ನೆಲ್ಲ ಓದುವವಳು ಮಾತ್ರ. ಕೇಳಲೇಬೇಕಾದ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲವೆನಿಸಿತು. ನೀವು ಒಳಗೆ ಹೋಗಲೇಬೇಕೇ? ಸಾರ್ವಜನಿಕ ಭೂಮಿ ಎಂದರೆ ಎಲ್ಲರೂ ಕಾಲಿಡಬಹುದಾದ ಭೂಮಿ ಎಂದು ಏಕೆ ಅರ್ಥ ಮಾಡಿಕೊಳ್ಳಬೇಕು? ಎಂದೂ ಒಳಗೆ ಹೋಗದ ನನಗೂ ಅದರಲ್ಲಿ ಪಾಲಿದೆ. ಆ ಬಿಳಿ ಕ್ರೇಫಿಶ್ ನೆಮ್ಮದಿಯಾಗಿ ಇದೆ ಎಂದು ತಿಳಿದರೆ ನನ್ನ ಪಾಲು ನನಗೆ ಸಂದಂತೆ.

ಸುಣ್ಣಕಲ್ಲು

ದಡದಲ್ಲಿರುವವಳು ಕೇಳಿದ್ದು ಒಳ್ಳೆಯ ಪ್ರಶ್ನೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ. ನನ್ನ ಕೆಲಸ ಅಂತರ್ಜಲಕ್ಕೆ ಸಂಬಂಧಿಸಿದ್ದು, ಜೊತೆಗೆ ನಾನು ಮುಳುಗುತ್ತೇನೆ. ಎರಡೂ ಕಡೆಯ ತಪ್ಪುಗಳನ್ನು ನೋಡಿದ್ದೇನೆ.

ಮೊದಲು ನಮ್ಮ ತಪ್ಪು. ನೀರಿನೊಳಗಿನ ಗುಹೆಯ ಜೀವಿಗಳು ಅವಸರವಿಲ್ಲದೆ ಬದುಕುತ್ತವೆ. ಆಹಾರ ಕಡಿಮೆ, ಆದ್ದರಿಂದ ಬೆಳವಣಿಗೆ ನಿಧಾನ, ಮೊಟ್ಟೆ ಕಡಿಮೆ, ಆಯುಸ್ಸು ದೀರ್ಘ. ಓಲ್ಮ್ ಎಂಬ ಕುರುಡು ಸಲಮಾಂಡರ್ (ಹಲ್ಲಿಯಾಕಾರದ ಉಭಯಚರಿ) ಬಗ್ಗೆ ಕೇಳಿದ್ದೀರಾ? ಯುರೋಪಿನ ಹರ್ಜೆಗೋವಿನಾದ ಜಲಗುಹೆಗಳಲ್ಲಿ ಡೈವರ್‌ಗಳು ಓಲ್ಮ್‌ಗಳನ್ನು ಹಿಡಿದು, ಗುರುತು ಹಾಕಿ, ಬಿಟ್ಟು, ವರ್ಷಗಳ ನಂತರ ಮತ್ತೆ ಹುಡುಕಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಬಹುತೇಕ ಓಲ್ಮ್‌ಗಳು ವರ್ಷಗಳಲ್ಲಿ ಹತ್ತು ಮೀಟರ್ ಕೂಡ ಸರಿದಿರಲಿಲ್ಲ. ಒಂದಂತೂ 2569 ದಿನಗಳ ನಂತರ ಅದೇ ಜಾಗದಲ್ಲಿ ಸಿಕ್ಕಿತು. ಏಳು ವರ್ಷ ಒಂದೇ ಕಲ್ಲಿನ ಆಸರೆಯಲ್ಲಿ ಬದುಕುವ ಜೀವಿಯ ಮೇಲೆ ನಾವು ಕಾಲಿನ ಈಜುರೆಕ್ಕೆ (ಫಿನ್) ಬಡಿದು ಹೂಳೆಬ್ಬಿಸಿದರೆ ಅದು ಎಲ್ಲಿಗೆ ಹೋಗಬೇಕು? ನಮಗೆ ಅದು ಅರ್ಧ ಗಂಟೆ ನೀರು ಕದಡಿದ ವಿಷಯ. ಆ ಹೂಳು ಕೂತಲ್ಲೆಲ್ಲ ಕಲ್ಲಿನ ಮೇಲಿನ ಸೂಕ್ಷ್ಮಜೀವಿಗಳ ಪದರ ಮುಚ್ಚಿಹೋಗುತ್ತದೆ. ಅಲ್ಲಿನ ಸಣ್ಣ ಪ್ರಾಣಿಗಳು ಹೊಟ್ಟೆ ಹೊರೆಯುವುದು ಆ ಪದರದಿಂದ. ಇನ್ನು ನಾವು ಬಿಡುವ ಗುಳ್ಳೆಗಳು ಚಾವಣಿಗೆ ಬಡಿದು ಅಲ್ಲಿನ ಪದರವನ್ನು ಉದುರಿಸುತ್ತವೆ. ಬಿಟ್ಟ ಉಸಿರನ್ನೇ ಶುದ್ಧಮಾಡಿ ಮತ್ತೆ ಕೊಡುವ ರೀಬ್ರೀದರ್ ಬಳಸಿದರೆ ಗುಳ್ಳೆಯ ತೊಂದರೆ ಬಹುಪಾಲು ತಪ್ಪುತ್ತದೆ, ಹೂಳಿನದು ತಪ್ಪುವುದಿಲ್ಲ. ಅದು ಕಾಲಿನ ಶಿಸ್ತಿಗೆ ಸೇರಿದ್ದು.

ಇನ್ನೊಂದು ಬದಿ. ಗುಹೆಯೊಳಗಿನ ನೀರು ಆ ಗುಹೆಯದ್ದಷ್ಟೇ ಅಲ್ಲ. ಫ್ಲಾರಿಡಾದ ವಕುಲ್ಲಾ ಚಿಲುಮೆ ಒಂದು ರಾಜ್ಯ ಉದ್ಯಾನದೊಳಗಿದೆ. ಹವ್ಯಾಸಿ ಗುಹಾ ಡೈವರ್‌ಗಳಿಗೆ ಅಲ್ಲಿ ಪ್ರವೇಶವಿಲ್ಲ. ಆದರೆ ಅನುಮತಿ ಪಡೆದ ತಂಡವೊಂದು ವರ್ಷಗಟ್ಟಲೆ ಅದರ ಸುರಂಗಗಳ ನಕ್ಷೆ ಮಾಡಿತು. ಲಿಯಾನ್ ಸಿಂಕ್ಸ್ ಗುಹೆಗಳಿಗೂ ವಕುಲ್ಲಾಕ್ಕೂ ನೀರಿನಡಿಯಲ್ಲೇ ಸಂಪರ್ಕವಿದೆ ಎಂದು 2007ರಲ್ಲಿ ಸಾಬೀತು ಮಾಡಿದ್ದು ಆ ಡೈವರ್‌ಗಳು. ಹತ್ತಿರದ ಟ್ಯಾಲಹಾಸಿ ನಗರ ಸಂಸ್ಕರಿಸಿದ ಕೊಳಚೆನೀರನ್ನು ಹೊಲಗಳಿಗೆ ಸಿಂಪಡಿಸುತ್ತಿತ್ತು. ಬಣ್ಣ ಬೆರೆಸಿ ನೋಡಿದಾಗ ಆ ಹೊಲದ ನೀರು ನೆಲದಡಿಯಿಂದ ವಕುಲ್ಲಾ ಚಿಲುಮೆ ಸೇರುತ್ತಿರುವುದು ಗೊತ್ತಾಯಿತು. ನಗರ ತನ್ನ ಸಂಸ್ಕರಣಾ ಘಟಕವನ್ನು ಮೇಲ್ದರ್ಜೆಗೆ ಏರಿಸಿತು. ಕ್ರೇಫಿಶ್ ನೆಮ್ಮದಿಯಾಗಿದೆಯೇ ಎಂದು ದಡದಲ್ಲಿ ನಿಂತು ತಿಳಿಯುವುದು ಸಾಧ್ಯವಿಲ್ಲ, ತಾಯಿ. ಯಾರಾದರೂ ಹೋಗಿ ನೋಡಬೇಕು. ಯಾರು, ಎಷ್ಟು ಸಲ, ಯಾವಾಗ ಎಂಬುದಷ್ಟೇ ಚರ್ಚೆ.

ದಡದಲ್ಲಿರುವವಳು

ನೋಡುವುದಕ್ಕೆ ಹೋಗುವವರು ಬೇರೆ, ಸಂತೋಷಕ್ಕೆ ಹೋಗುವವರು ಬೇರೆ. ನೀವು ಕೊಟ್ಟ ಉದಾಹರಣೆಯಲ್ಲೇ ಹವ್ಯಾಸಿಗಳಿಗೆ ಪ್ರವೇಶವಿಲ್ಲ. ಅದು ನನ್ನ ಮಾತನ್ನೇ ಬಲಪಡಿಸುತ್ತದೆಯಲ್ಲವೇ?

ಸುಣ್ಣಕಲ್ಲು

ಅರ್ಧ ಒಪ್ಪುತ್ತೇನೆ. ಉಳಿದರ್ಧ ಇದು: ಆ ನಕ್ಷೆ ಮಾಡಿದ ತಂಡದವರು ಸಂಬಳದ ವಿಜ್ಞಾನಿಗಳಲ್ಲ, ಸ್ವಯಂಸೇವಕರು. ಅವರಿಗೆ ಆ ಪರಿಣತಿ ಬಂದದ್ದು ತೆರೆದಿದ್ದ ಬೇರೆ ಗುಹೆಗಳಲ್ಲಿ ವರ್ಷಗಟ್ಟಲೆ ಮುಳುಗಿ. ಎಲ್ಲ ಗುಹೆಗಳನ್ನೂ ಮುಚ್ಚಿಬಿಟ್ಟರೆ ಮುಂದಿನ ತಲೆಮಾರಿನಲ್ಲಿ ನೋಡಿ ಬರಲು ಬಲ್ಲವರೇ ಇರುವುದಿಲ್ಲ.

ಹಳೆಯ ಸಿಲಿಂಡರ್

ಇದನ್ನೇ ನಾನು ಬೇರೆ ದಾರಿಯಿಂದ ಹೇಳುತ್ತೇನೆ. ದಕ್ಷಿಣ ಆಸ್ಟ್ರೇಲಿಯಾದ ಮೌಂಟ್ ಗ್ಯಾಂಬಿಯರ್ ಸುತ್ತಲಿನ ಜಲಗುಂಡಿಗಳಲ್ಲಿ 1969ರಿಂದ 1974ರವರೆಗೆ ಹನ್ನೊಂದು ಡೈವರ್‌ಗಳು ಸತ್ತರು. ಎಲ್ಲವನ್ನೂ ಮುಚ್ಚಬೇಕೆಂಬ ಒತ್ತಡ ಬಂತು. ಡೈವರ್‌ಗಳು 1973ರಲ್ಲಿ ಸಂಘ ಕಟ್ಟಿ, ತಾವೇ ಪರೀಕ್ಷೆ ಮಾಡಿ, ಗುಂಡಿಗಳನ್ನು ಕಷ್ಟಕ್ಕೆ ತಕ್ಕಂತೆ ವಿಂಗಡಿಸಿ, ಅರ್ಹತೆ ಇದ್ದವರಿಗಷ್ಟೇ ಅನುಮತಿ ಎಂದು ಕಟ್ಟುಪಾಡು ಮಾಡಿಕೊಂಡರು. ಪಿಕಾನಿನಿ ಪಾಂಡ್ಸ್ ಇಂದು ಸಂರಕ್ಷಿತ ಉದ್ಯಾನ, ಅಲ್ಲಿ ಇಂದಿಗೂ ಅನುಮತಿ ಪಡೆದು ಇಳಿಯಬಹುದು. ಜೀವರಕ್ಷಣೆಗೆ ಹುಟ್ಟಿದ ಕಟ್ಟುಪಾಡು ಅದು, ವನ್ಯಜೀವಿಗಾಗಿ ಅಲ್ಲ. ಆದರೆ ಇಳಿಯುವವರ ಹೆಸರು, ಸಂಖ್ಯೆ, ಅರ್ಹತೆ ಎಲ್ಲವೂ ತಿಳಿದಿರುವ ಜಾಗದಲ್ಲಿ ವನ್ಯಜೀವಿಯ ನಿಯಮವನ್ನು ಜಾರಿಗೆ ತರುವುದೂ ಸುಲಭ.

ಜೊತೆಗೆ ಒಂದು ಸಂಕಟ ಹೇಳಿಕೊಳ್ಳುತ್ತೇನೆ. ಚಿಲುಮೆಯ ಸುತ್ತ ಕೊಳವೆಬಾವಿಗಳು ಹಗಲಿರುಳು ನೀರೆತ್ತುತ್ತಿರುತ್ತವೆ. ಅವುಗಳನ್ನು ಕೇಳುವವರಿಲ್ಲ. ವರ್ಷಕ್ಕೆ ಮೂವತ್ತು ಸಲ ಇಳಿಯುವ ನಾವು ಮಾತ್ರ ವನ್ಯಜೀವಿಯ ಶತ್ರುಗಳು.

ಸುಣ್ಣಕಲ್ಲು

ಆ ಸಂಕಟಕ್ಕೆ ಆಧಾರವಿದೆ. ಅಮೆರಿಕದ ನೆವಾಡದ ಡೆವಿಲ್ಸ್ ಹೋಲ್ ಕತೆಯೇ ಸಾಕ್ಷಿ. ಮರುಭೂಮಿಯ ನಡುವೆ ಬಂಡೆಯ ಬಿರುಕಿನಲ್ಲಿ ನೀರು, ಆಳ 130 ಮೀಟರಿಗೂ ಹೆಚ್ಚು. ಒಂದು ಅಂಗುಲದಷ್ಟು ಪುಟ್ಟ ನೀಲಿ ಮೀನು, ಡೆವಿಲ್ಸ್ ಹೋಲ್ ಪಪ್‌ಫಿಶ್, ಸಹಜವಾಗಿ ಬದುಕುವುದು ಲೋಕದಲ್ಲಿ ಅದೊಂದೇ ಕಡೆ. ನೀರಿನ ಅಂಚಿನಲ್ಲಿ ತೆಳುನೀರಿನ ಒಂದು ಕಲ್ಲಿನ ಹಾಸಿದೆ. ಮೇಯುವುದು, ಮೊಟ್ಟೆಯಿಡುವುದು ಮುಖ್ಯವಾಗಿ ಅದರ ಮೇಲೆ. 1952ರಿಂದಲೇ ಅದು ಸರ್ಕಾರದ ರಕ್ಷಿತ ಜಾಗ. ಆದರೂ ಆ ಮೀನಿಗೆ ಪ್ರಾಣಸಂಕಟ ತಂದದ್ದು ಅಕ್ಕಪಕ್ಕದ ಜಮೀನಿಗೆ ಎತ್ತಿದ ಅಂತರ್ಜಲ. ನೀರಿಳಿದು ಹಾಸು ಬರಿದಾಗತೊಡಗಿತು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ, ಮೀನು ಉಳಿಯುವಷ್ಟು ನೀರಿನ ಮಟ್ಟ ಇರಲೇಬೇಕೆಂದು 1976ರಲ್ಲಿ ತೀರ್ಪಾಯಿತು.

ಆದರೆ ಸರ್, ಪಂಪು ದೊಡ್ಡ ಅಪರಾಧಿ ಎಂದಾಕ್ಷಣ ನಮ್ಮ ಚಿಕ್ಕ ಅಪರಾಧ ಕರಗುವುದಿಲ್ಲ. ಸಂಖ್ಯೆ ಅಷ್ಟು ಕಡಿಮೆ ಇರುವಲ್ಲಿ ಒಂದು ಕಾಲು ಕೂಡ ಲೆಕ್ಕಕ್ಕೆ ಬರುತ್ತದೆ. 2013ರ ವಸಂತದಲ್ಲಿ ಅಲ್ಲಿ ಎಣಿಸಿದಾಗ ಸಿಕ್ಕಿದ್ದು 35 ಮೀನು. 2024ರ ವಸಂತಕ್ಕೆ 191ಕ್ಕೆ ಏರಿ ಎಲ್ಲರೂ ಸಂತೋಷಪಟ್ಟರು. ಆಮೇಲೆ ಭೂಕಂಪಗಳಿಂದ ನೀರು ತುಳುಕಾಡಿ ಹಾಸಿನ ಪಾಚಿ ತೊಳೆದುಹೋಗಿ 2025ರಲ್ಲಿ ಮತ್ತೆ 38ಕ್ಕೆ ಕುಸಿಯಿತು. ಅಂಥ ಜಾಗಕ್ಕೆ ನನ್ನನ್ನು ಬಿಡಿ ಎಂದು ನಾನು ಎಂದೂ ಕೇಳುವುದಿಲ್ಲ. ಗಮನಿಸಿ, ಆ ಎಣಿಕೆ ಮಾಡುವವರಲ್ಲಿ ಡೈವರ್‌ಗಳೂ ಇದ್ದಾರೆ. ಕೆಲವರು ಮೇಲಿನ ಹಾಸಿನ ಮೀನು ಎಣಿಸುತ್ತಾರೆ, ಕೆಲವರು ಸಿಲಿಂಡರ್ ಹೊತ್ತು ಆಳಕ್ಕಿಳಿದು ಎಣಿಸುತ್ತಾರೆ.

ರಾತ್ರಿಪಯಣ

ಇಷ್ಟು ತಲೆಕೆಡಿಸಿಕೊಳ್ಳುವುದೇಕೆ? ಆ ಗುಹೆ ನನಗೂ ಗೊತ್ತು. ಬಾಗಿಲಿನ ಎಡಬದಿಯಲ್ಲಿ ಸಂದಿಯಿದೆ, ಸಿಲಿಂಡರ್ ಮೊದಲು ದಾಟಿಸಿದರೆ ಮನುಷ್ಯ ಸುಲಭವಾಗಿ ನುಸುಳಬಹುದು. ವಾರದ ನಡುವೆ ಕಾವಲುಗಾರರೂ ಬರುವುದಿಲ್ಲ.

ಚಿಲುಮೆಹಾದಿ

ದಯವಿಟ್ಟು ಬೇಡ. ನನ್ನ ಪತ್ರಕ್ಕೆ ಬೆಲೆ ಬರುವುದು ಬೀಗ ಬಿದ್ದ ದಿನದಿಂದ ಡೈವರ್‌ಗಳು ಯಾರೂ ಒಳಗೆ ಕಾಲಿಟ್ಟಿಲ್ಲ ಎಂದು ನಾನು ಎದೆ ಮುಟ್ಟಿ ಹೇಳಿದಾಗ ಮಾತ್ರ.

ಹಳೆಯ ಸಿಲಿಂಡರ್

2016ರ ಏಪ್ರಿಲ್ ಕೊನೆಯಲ್ಲಿ ಅದೇ ಡೆವಿಲ್ಸ್ ಹೋಲ್‌ಗೆ ಮೂವರು ಕುಡಿದು ನುಗ್ಗಿದರು. ಒಬ್ಬ ನೀರಿಗಿಳಿದು ಆ ಹಾಸಿನ ಮೇಲೆಲ್ಲ ಓಡಾಡಿದ. ಒಂದು ಪಪ್‌ಫಿಶ್ ಸತ್ತು ತೇಲಿತು, ಇಳಿದವನು ಜೈಲಿಗೆ ಹೋದ. ಅವರು ಡೈವರ್‌ಗಳಲ್ಲ. ಆದರೆ ಅಂಥ ಒಂದು ರಾತ್ರಿ ನಡೆದರೆ ಯಾವ ಅಧಿಕಾರಿಯೂ ಮತ್ತೆ ನಮ್ಮ ಅರ್ಜಿ ಓದುವುದಿಲ್ಲ. ಸಂದಿಯ ವಿಷಯ ಬರೆದ ಸಾಲನ್ನು ಅಳಿಸಿಬಿಡಿ.

ಕತ್ತಲಹಕ್ಕಿ

ಅಲ್ಲಿ ಸಂದಿ ಇದೆ ಎಂದರೆ ಬಾಗಿಲನ್ನೇ ಸರಿಯಾಗಿ ಮಾಡಿಲ್ಲ ಎಂದಾಯಿತು. ಚಿಲುಮೆಹಾದಿಯವರೇ, ಬಾಗಿಲು ಹೇಗಿದೆ ಹೇಳಿ. ತಗಡೇ, ನೇರ ಸರಳುಗಳೇ, ಅಡ್ಡ ಪಟ್ಟಿಗಳೇ?

ಚಿಲುಮೆಹಾದಿ

ನೇರ ಸರಳುಗಳು, ಮೇಲರ್ಧಕ್ಕೆ ತಗಡು ಹೊಡೆದಿದ್ದಾರೆ.

ಕತ್ತಲಹಕ್ಕಿ

ಅಯ್ಯೋ. ನಿಮ್ಮ ಪತ್ರದ ಮೊದಲ ವಿಷಯ ಇದೇ ಆಗಬೇಕು. ಬಾವಲಿಗಾಗಿ ಹಾಕುವ ಬಾಗಿಲಿಗೆ ಅಡ್ಡವಾಗಿ ಕಬ್ಬಿಣದ ಪಟ್ಟಿಗಳಿರಬೇಕು, ಎರಡು ಪಟ್ಟಿಗಳ ನಡುವೆ ಸುಮಾರು ಹದಿನಾಲ್ಕೂವರೆ ಸೆಂಟಿಮೀಟರ್ ತೆರಪಿರಬೇಕು. ಮನುಷ್ಯ ನುಸುಳಲಾರ, ಬಾವಲಿ ರೆಕ್ಕೆ ತಗಲಿಸದೆ ಹಾರಬಲ್ಲದು. ಗಾಳಿಯ ಓಡಾಟಕ್ಕೂ ತಡೆಯಾಗಬಾರದು. ಬಾವಲಿ ಆ ಗುಹೆಯನ್ನು ಆರಿಸಿಕೊಂಡಿರುವುದೇ ಅಲ್ಲಿನ ತಂಪಿಗಾಗಿ. ತಗಡು ಹೊಡೆದರೆ ಒಳಗಿನ ಉಷ್ಣತೆ ಬದಲಾಗುತ್ತದೆ. ಒಳ್ಳೆಯ ಉದ್ದೇಶದಿಂದ ಹಾಕಿದ ಕೆಟ್ಟ ಬಾಗಿಲುಗಳಿಂದ ಬಾವಲಿಗಳು ಬಿಟ್ಟುಹೋದ ಗುಹೆಗಳಿವೆ. ಡೈವರ್‌ಗಳನ್ನು ತಡೆದು, ಬಾವಲಿಯನ್ನೂ ತಡೆದರೆ ಯಾರನ್ನು ಕಾಪಾಡಿದಂತಾಯಿತು?

ಚಿಲುಮೆಹಾದಿ

ಎರಡು ದಿನ ಕುಳಿತು ಪತ್ರ ಸಿದ್ಧಪಡಿಸಿದ್ದೇನೆ. ಸಾರಾಂಶ ಇದು. ಬಾಗಿಲನ್ನು ಕೂಡಲೇ ಬದಲಿಸಬೇಕು, ಖರ್ಚಿಗೆ ನಮ್ಮ ಗುಂಪೂ ಕೈಜೋಡಿಸುತ್ತದೆ. ಚಳಿಗಾಲದ ಮುಚ್ಚುವಿಕೆಯನ್ನು ನಾವು ಪೂರ್ತಿಯಾಗಿ ಬೆಂಬಲಿಸುತ್ತೇವೆ. ಉಳಿದ ತಿಂಗಳುಗಳಲ್ಲಿ ದಿನಕ್ಕೆ ಒಂದೇ ತಂಡ, ಮೂರೇ ಜನ, ಮೊದಲೇ ಅನುಮತಿ. ಈ ಗುಹೆಗೆಂದೇ ಮೀಸಲಾದ ಸೂಟು ಮತ್ತು ಬೆನ್ನಪಟ್ಟಿ, ಅದಾಗದಿದ್ದರೆ 55 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ನೆನೆಸಿ ಸೋಂಕು ತೊಳೆದದ್ದು. ಕಾರಣ, ಜೀವಿಯ ಹೆಸರು, ಮರುಪರಿಶೀಲನೆಯ ದಿನಾಂಕ ಮೂರನ್ನೂ ಫಲಕದಲ್ಲಿ ಬರೆಯಬೇಕು.

ಒಂದು ವಿಷಯ ಬರೆಯಲು ಕೈ ತಡೆಯಿತು, ಆದರೂ ಬರೆದೆ. ಹನ್ನೊಂದು ವರ್ಷ ಚಳಿಗಾಲದಲ್ಲೂ ಆ ಬಾವಲಿಗಳ ಕೆಳಗೆ ಓಡಾಡಿದ್ದೇವೆ, ಅದರ ಪರಿಣಾಮ ನಮಗೆ ತಿಳಿದಿರಲಿಲ್ಲ ಎಂದು.

ಕತ್ತಲಹಕ್ಕಿ

ಆ ವಾಕ್ಯವನ್ನು ತೆಗೆಯಬೇಡಿ. ಒಂದು ತಿದ್ದುಪಡಿ: "ಉಳಿದ ತಿಂಗಳುಗಳಲ್ಲಿ" ಎಂದು ಈಗಲೇ ಬರೆಯಬೇಡಿ. ಬೇಸಿಗೆಯಲ್ಲಿ ಅಲ್ಲಿ ಮರಿಗಳಿವೆಯೇ ಎಂದು ಯಾರೂ ನೋಡಿಲ್ಲ. ತಾಯಿ ಬೆದರಿ ಹಾರಿದರೆ ಮರಿ ಕೆಳಗೆ ಬೀಳುತ್ತದೆ, ಬಿದ್ದ ಮರಿ ಬಹುತೇಕ ಬದುಕುವುದಿಲ್ಲ. ಒಂದು ವರ್ಷದ ಎಣಿಕೆ ಮುಗಿದ ಮೇಲೆ ತಿಂಗಳುಗಳನ್ನು ನಿರ್ಧರಿಸಿ ಎಂದು ಕೇಳಿ. ಒಂದು ವರ್ಷ ಕಾಯಬಲ್ಲಿರಾ?

ಚಿಲುಮೆಹಾದಿ

ಕಷ್ಟ. ಆದರೆ ಕಾಯುತ್ತೇನೆ. ತಿದ್ದಿದೆ.

ದಡದಲ್ಲಿರುವವಳು

ಈ ಪತ್ರಕ್ಕೆ ನಾನೂ ಸಹಿ ಹಾಕುತ್ತೇನೆ. ಗುಹೆ ತೆರೆಯಲೆಂದಲ್ಲ, ತಗಡು ಹೋಗಲೆಂದು.

ಸುಣ್ಣಕಲ್ಲು

ನಿಮ್ಮ ಡೈವಿಂಗ್ ದಿನಚರಿಯನ್ನೂ ಲಗತ್ತಿಸಿ. ನೀರಿನ ಉಷ್ಣತೆ, ತಿಳಿತನ, ಪ್ರವಾಹದ ವೇಗ, ಎಷ್ಟು ಕ್ರೇಫಿಶ್ ಎಲ್ಲಿ ಕಂಡವು, ಇವುಗಳಲ್ಲಿ ಏನಿದ್ದರೂ ಸರಿ. ಹನ್ನೊಂದು ವರ್ಷಗಳ ದಾಖಲೆ ಆ ಕಚೇರಿಯಲ್ಲಿ ಯಾರ ಬಳಿಯೂ ಇರಲಾರದು. ಆದರೆ ಗುಹೆ ಇರುವ ಜಾಗದ ವಿವರವನ್ನು ಇಲ್ಲಿ ಮಾತ್ರ ಹಾಕಬೇಡಿ.

ಹಳೆಯ ಸಿಲಿಂಡರ್

ಅದಕ್ಕೂ ಹಿಂದಿನದು ನನ್ನಲ್ಲಿದೆ. ಚಿಲುಮೆಹಾದಿಯವರು ಆ ಗುಹೆಗೆ ಬರುವ ಮೊದಲು ನಾನು ಅಲ್ಲಿ ಒಂಬತ್ತು ವರ್ಷ ಮುಳುಗಿದ್ದೆ. ಪ್ರತಿ ಸಲವೂ ಹೊಸ್ತಿಲ ಬಂಡೆಯಿಂದ ನೀರು ಎಷ್ಟು ಕೆಳಗಿದೆ ಎಂದು ದಾರದಿಂದ ಅಳೆದು ಬರೆದಿಟ್ಟಿದ್ದೇನೆ. ನಾಲ್ಕು ಪುಸ್ತಕಗಳು, ಕೆಲವು ಪುಟಗಳ ಶಾಯಿ ಹರಡಿದೆ, ಆದರೂ ಓದಬಹುದು. ನಾಳೆ ಬೆಳಗ್ಗೆ ಒಂದೊಂದೇ ಪುಟದ ಚಿತ್ರ ತೆಗೆದು ಕಳುಹಿಸುತ್ತೇನೆ.